ರಿಪೋರ್ಟಿನಲ್ಲಿ ‘ಪಿ53 ಪಾಸಿಟಿವ್’ ಎಂದಿದ್ದರೆ

ಕೆಲವು ತಿಂಗಳ ಹಿಂದೆ ಹಳೇ ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ. ಅವನ ಚಿಕ್ಕಮ್ಮನ ಬಯಾಪ್ಸಿ ರಿಪೋರ್ಟು. ಗರ್ಭಕೋಶದ ಒಳಪದರದ ಕ್ಯಾನ್ಸರ್. ಕಡೆಯ ಸಾಲಿನ ಸುತ್ತ ಬೆರಳಿನಲ್ಲೇ ಕೆಂಪು ಗೆರೆ ಎಳೆದಿದ್ದ: ಪಿ53 ಪಾಸಿಟಿವ್, ಬಹುಪಾಲು ಕೋಶಗಳಲ್ಲಿ ಗಾಢ ಬಣ್ಣ. ಕೆಳಗೆ ಅವನ ಪ್ರಶ್ನೆ. ‘ಪಿ53 ಅಂದ್ರೆ ಕ್ಯಾನ್ಸರ್ ತಡೆಯೋ ಜೀನ್ ಅಂತ ಗೂಗಲ್ ಹೇಳ್ತಿದೆ. ಅದು ಇಷ್ಟು ಜಾಸ್ತಿ ಇದೆ ಅಂದ್ರೆ ಒಳ್ಳೇದೇ ಅಲ್ವೇನೋ?’

ಅವನ ಲೆಕ್ಕ ಸರಿಯಾಗಿಯೇ ಇತ್ತು. ಉತ್ತರ ಮಾತ್ರ ಉಲ್ಟಾ. ಆ ಗಾಢ ಬಣ್ಣ ಒಳ್ಳೆಯ ಸುದ್ದಿ ಅಲ್ಲ. ಯಾಕೆ ಅಲ್ಲ ಎಂದು ಎರಡು ಸಾಲಿನಲ್ಲಿ ಬರೆಯಲು ಹೋಗಿ, ಮೂರು ಸಲ ಟೈಪ್ ಮಾಡಿ ಮೂರು ಸಲ ಅಳಿಸಿದೆ. ಕೊನೆಗೆ ಫೋನ್ ಮಾಡಿದೆ. ಅವತ್ತು ಅವನಿಗೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸಮಾಧಾನವಾಗಿ ಹೇಳುತ್ತೇನೆ. ಈ ಸಾಲು ಈಗ ಬೇಕಾದಷ್ಟು ಜನರ ರಿಪೋರ್ಟಿನಲ್ಲಿ ಬರುತ್ತಿದೆ. ಅದನ್ನು ಹೇಗೆ ಓದಿಕೊಳ್ಳಬೇಕು ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಮೊದಲು ಈ ಪಿ53ರ ಕೆಲಸ ಏನು ನೋಡೋಣ. ಜೀನಿಗೂ, ಆ ಜೀನ್ ಓದಿ ಕೋಶ ತಯಾರಿಸುವ ಪ್ರೋಟೀನಿಗೂ ಇದೇ ಹೆಸರು. ನಮ್ಮ ಒಂದೊಂದು ಕೋಶದಲ್ಲೂ ಡಿಎನ್‌ಎ ಬರಹವಿದೆ. ಸುಮಾರು 600 ಕೋಟಿ ಅಕ್ಷರ. ಕೋಶ ಎರಡಾಗುವ ಮುಂಚೆ ಅಷ್ಟನ್ನೂ ನಕಲು ಮಾಡಬೇಕು, ಅದೂ ಏಳೆಂಟು ಗಂಟೆಯೊಳಗೆ. ನಕಲು ಮಾಡುವಾಗ ತಪ್ಪು ಬೀಳುತ್ತದೆ. ನಕಲು ಮಾಡದೆ ಸುಮ್ನೆ ಕೂತಿದ್ದರೂ ಬೀಳುತ್ತದೆ. ಬಿಸಿಲು, ಹೊಗೆ, ನಾವು ತಿಂದದ್ದನ್ನು ದೇಹ ಅರಗಿಸಿಕೊಳ್ಳುವಾಗ ಹುಟ್ಟುವ ಕಸ, ಇವೆಲ್ಲ ಸೇರಿ ಒಂದು ಕೋಶದ ಡಿಎನ್‌ಎಗೆ ದಿನಕ್ಕೆ ಹತ್ತಾರು ಸಾವಿರ ಸಣ್ಣ ಏಟು ಕೊಡುತ್ತವೆ. ಹೆಚ್ಚಿನವು ಅಲ್ಲಲ್ಲೇ ರಿಪೇರಿಯಾಗುತ್ತವೆ.

ಹಳೇ ಅಚ್ಚಿನ ಮನೆಯನ್ನು ನೋಡಿದವರಿಗೆ ಮುಂದಿನದ್ದು ಬೇಗ ಹೊಳೆಯುತ್ತದೆ. ಅಲ್ಲಿ ಮೊಳೆ ಜೋಡಿಸುವವರು ಒಬ್ಬರು, ಕರಡು ತಿದ್ದುವವರು ಇನ್ನೊಬ್ಬರು. ಪಿ53 ಇವರಿಬ್ಬರಲ್ಲಿ ಯಾರೂ ಅಲ್ಲ. ಅದು ಮಷಿನ್ ಪಕ್ಕದಲ್ಲಿ ನಿಂತಿರುವ ಫೋರ್‌ಮನ್. ಪುಟದಲ್ಲಿ ದೊಡ್ಡ ತಪ್ಪಿದೆ ಎಂಬ ಸುದ್ದಿ ಬಂದ ಕೂಡಲೇ ‘ತಡೀರಿ, ನಿಲ್ಸಿ’ ಎನ್ನುವುದು ಅವನ ಕೆಲಸ. ತಿದ್ದಲು ಆಗುವಂಥದ್ದಾದರೆ ತಿದ್ದುವವರೆಗೆ ಮಷಿನ್ ನಿಲ್ಲುತ್ತದೆ. ಆಗದ್ದಾದರೆ ಇಡೀ ಫಾರಂ ಬಿಚ್ಚಿ ಮೊಳೆ ಸುರಿಯಬೇಕು.

ಕೋಶದಲ್ಲೂ ಹೀಗೇ. ಡಿಎನ್‌ಎ ತುಂಡಾಯಿತು ಎಂಬ ಸುದ್ದಿಯನ್ನು ಎಟಿಎಂ ಎಂಬ ಪ್ರೋಟೀನ್ ತರುತ್ತದೆ. ದುಡ್ಡು ಕೊಡುವ ಎಟಿಎಂ ಅಲ್ಲ, ಹೆಸರು ಮಾತ್ರ ಅದೇ. ಪಿ53 ಎಚ್ಚರಾಗಿ ಡಿಎನ್‌ಎ ಮೇಲೆ ಕೂರುತ್ತದೆ, ಬೇರೆ ಬೇರೆ ಜೀನುಗಳ ಸ್ವಿಚ್ ಹಾಕುತ್ತದೆ. ಪಿ21 ಎಂಬ ಜೀನ್ ಆನ್ ಆದರೆ ಕೋಶ ವಿಭಜನೆ ನಿಲ್ಲಿಸಿ ರಿಪೇರಿಗೆ ಸಮಯ ಕೊಡುತ್ತದೆ. ಏಟು ಜೋರಾಗಿದ್ದರೆ ಪೂಮಾ, ಬ್ಯಾಕ್ಸ್ ಎಂಬ ಜೀನುಗಳು ಆನ್ ಆಗುತ್ತವೆ. ಆಗ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಮೂರನೇ ದಾರಿಯೂ ಇದೆ. ಸಾಯುವುದಿಲ್ಲ, ಆದರೆ ಇನ್ನು ಮುಂದೆ ಎರಡಾಗುವುದೂ ಇಲ್ಲ, ರಿಟೈರ್ ಆದ ಹಾಗೆ.

ಇದನ್ನು ಬರಿಗಣ್ಣಿನಲ್ಲೂ ನೋಡಬಹುದು. ಸುಡು ಬಿಸಿಲಿನಲ್ಲಿ ದಿನವಿಡೀ ಸುತ್ತಿದವರ ಮೂಗಿನ ಮೇಲೆ, ಭುಜದ ಮೇಲೆ ಎರಡು ಮೂರು ದಿನ ಬಿಟ್ಟು ಚರ್ಮ ಸಿಪ್ಪೆ ಏಳುತ್ತದಲ್ಲ? ಬಿಸಿಲೇ ಆ ಕೋಶಗಳನ್ನು ನೇರವಾಗಿ ಕೊಂದಿತು ಎಂದುಕೊಳ್ಳುತ್ತೇವೆ. ಎಷ್ಟೋ ಕೋಶಗಳ ವಿಷಯದಲ್ಲಿ ಹಾಗಲ್ಲ. ಅತಿನೇರಳೆ ಕಿರಣ ಡಿಎನ್‌ಎ ಕೆಡಿಸಿತು, ಪಿ53 ಅದನ್ನು ನೋಡಿ ‘ಇದು ಬೇಡ’ ಎಂದಿತು, ಕೋಶ ಸತ್ತಿತು. ಇಲಿಗಳ ಚರ್ಮದಲ್ಲಿ ಇದನ್ನು 1994ರಲ್ಲೇ ತೋರಿಸಿದರು. ಪಿ53 ತೆಗೆದ ಇಲಿಗಳಲ್ಲಿ ಹೀಗೆ ಸಾಯುವ ಕೋಶಗಳು ತುಂಬ ಕಡಿಮೆಯಾದವು. ಅಂದರೆ ಕೆಟ್ಟ ಬರಹದ ಕೋಶಗಳು ಚರ್ಮದಲ್ಲೇ ಉಳಿದವು.

ಇಷ್ಟು ಅಧಿಕಾರ ಇರುವವನನ್ನು ಹದ್ದುಬಸ್ತಿನಲ್ಲಿ ಇಡಬೇಡವೇ? ಕೋಶ ಪಿ53ಯನ್ನು ಸದಾ ತಯಾರಿಸುತ್ತಲೇ ಇರುತ್ತದೆ, ಸದಾ ಒಡೆದು ಹಾಕುತ್ತಲೂ ಇರುತ್ತದೆ. ಹುಟ್ಟಿದ ಅರ್ಧ ಗಂಟೆಯೊಳಗೆ ಹೆಚ್ಚಿನ ಪಿ53 ಕಸದ ಬುಟ್ಟಿ ಸೇರುತ್ತದೆ. ಅದನ್ನು ಕಸಕ್ಕೆ ತಳ್ಳುವ ಪ್ರೋಟೀನಿನ ಹೆಸರು ಎಂಡಿಎಂ2. ಇದು ದಂಡದ ಕೆಲಸದ ಹಾಗೆ ಕಾಣುತ್ತದೆ. ಆದರೆ ಸಿಗ್ನಲ್‌ನಲ್ಲಿ ನಿಂತ ಆಟೊ ಎಂಜಿನ್ ಆಫ್ ಮಾಡದೆ ಗುರುಗುಟ್ಟುತ್ತಿರುತ್ತದಲ್ಲ, ಹಾಗೆ ಇದು. ದೀಪ ಬದಲಾದ ಕೂಡಲೇ ಹೊರಡಬೇಕು. ಡಿಎನ್‌ಎಗೆ ಏಟು ಬಿದ್ದಾಗ ಹೊಸದಾಗಿ ತಯಾರಿಸುತ್ತಾ ಕೂರುವ ಬದಲು ಒಡೆಯುವುದನ್ನು ನಿಲ್ಲಿಸಿದರೆ ಸಾಕು, ನಿಮಿಷಗಳಲ್ಲಿ ಪಿ53 ಏರುತ್ತದೆ.

ಇನ್ನೂ ಸ್ವಾರಸ್ಯ ಎಂದರೆ, ಪಿ53 ಎಚ್ಚರಾದಾಗ ಆನ್ ಮಾಡುವ ಜೀನುಗಳಲ್ಲಿ ಎಂಡಿಎಂ2 ಕೂಡ ಒಂದು. ತನ್ನನ್ನು ಮುಗಿಸುವವನನ್ನು ತಾನೇ ಕರೆಸಿಕೊಳ್ಳುತ್ತದೆ. ಎಂಡಿಎಂ2 ಇಲ್ಲದ ಇಲಿಮರಿ ಹುಟ್ಟುವುದೇ ಇಲ್ಲ, ಗರ್ಭದಲ್ಲೇ ಸಾಯುತ್ತದೆ. ಎಂಡಿಎಂ2 ಮತ್ತು ಪಿ53 ಎರಡನ್ನೂ ತೆಗೆದುಬಿಟ್ಟರೆ ಮರಿ ಹುಟ್ಟುತ್ತದೆ. 1995ರಲ್ಲಿ ಬಂದ ಈ ಫಲಿತಾಂಶ ನನಗೆ ಈಗಲೂ ಮೈ ಜುಮ್ ಎನಿಸುತ್ತದೆ. ಲಗಾಮಿಲ್ಲದ ಪಿ53, ಪಿ53 ಇಲ್ಲದ್ದಕ್ಕಿಂತ ಅಪಾಯ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಗೆಳೆಯನ ಪ್ರಶ್ನೆಗೂ, ಪಿ53 ಹೆಚ್ಚಿಸುತ್ತವೆ ಎಂದು ವಾಟ್ಸಾಪಿನಲ್ಲಿ ಹೇಳಿಕೊಳ್ಳುವ ಪುಡಿಗಳಿಗೂ ಇದೇ ಬೇಕಾಗುತ್ತದೆ.

ಈ ಫೋರ್‌ಮನ್ನನ್ನು ವಿಜ್ಞಾನಿಗಳು ಮೊದಲ ಹತ್ತು ವರ್ಷ ಕಳ್ಳ ಎಂದೇ ತಿಳಿದಿದ್ದರು. 1979ರಲ್ಲಿ ಲಂಡನ್ನಿನ ಡೇವಿಡ್ ಲೇನ್, ಪ್ರಿನ್ಸ್‌ಟನ್ನಿನ ಆರ್ನಾಲ್ಡ್ ಲೆವಿನ್, ನ್ಯೂಯಾರ್ಕಿನ ಲಾಯ್ಡ್ ಓಲ್ಡ್ ಮತ್ತಿತರರ ತಂಡಗಳು ಇದನ್ನು ಬೇರೆ ಬೇರೆಯಾಗಿ ಕಂಡವು. ಲೇನ್ ಮತ್ತು ಲೆವಿನ್ ಕೆಲಸ ಮಾಡುತ್ತಿದ್ದದ್ದು ಎಸ್‌ವಿ40 ಎಂಬ ಮಂಗನ ವೈರಸ್ ಮೇಲೆ. ಆ ವೈರಸ್‌ನ ಕ್ಯಾನ್ಸರ್ ತರುವ ಪ್ರೋಟೀನನ್ನು ಹೊರಗೆಳೆದಾಗಲೆಲ್ಲ ಇನ್ನೊಂದು ಪ್ರೋಟೀನ್ ಅದಕ್ಕೆ ಅಂಟಿಕೊಂಡೇ ಬರುತ್ತಿತ್ತು. ಕ್ಯಾನ್ಸರ್ ಕೋಶಗಳಲ್ಲಿ ಅದು ರಾಶಿ ರಾಶಿ ಸಿಗುತ್ತಿತ್ತು. ಕಳ್ಳನ ಹೆಗಲ ಮೇಲೆ ಕೈ ಹಾಕಿ ಓಡಾಡುವವನನ್ನು ಯಾರು ತಾನೇ ಪೊಲೀಸ್ ಎಂದುಕೊಳ್ಳುತ್ತಾರೆ? ಅದರ ಜೀನನ್ನು ಇತರ ಕೆಲವು ಕ್ಯಾನ್ಸರ್ ಜೀನುಗಳ ಜೊತೆ ಕೋಶಕ್ಕೆ ಹಾಕಿದರೆ ಕೋಶ ಕ್ಯಾನ್ಸರಿನ ಹಾದಿ ಹಿಡಿಯುತ್ತಿತ್ತು ಕೂಡ. ಸಾಕ್ಷಿ ಪಕ್ಕಾ ಆಯಿತು.

ಎಡವಟ್ಟು ಎಲ್ಲಿತ್ತು ಎಂದರೆ, ಲ್ಯಾಬುಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ಆ ಜೀನಿನ ಪ್ರತಿಗಳೇ ಕೆಟ್ಟವಾಗಿದ್ದವು. ಕ್ಯಾನ್ಸರ್ ಕೋಶದಿಂದ ತೆಗೆದ ಪ್ರತಿಯಲ್ಲಿ ಒಂದು ಅಕ್ಷರ ಆಚೀಚೆ ಆಗಿತ್ತು. 1989ರಲ್ಲಿ ಬಾಲ್ಟಿಮೋರಿನ ಬರ್ಟ್ ವೋಗೆಲ್‌ಸ್ಟೈನ್ ಲ್ಯಾಬಿನಲ್ಲಿ ವಿದ್ಯಾರ್ಥಿನಿಯಾಗಿದ್ದ ಸುಜಾನ್ ಬೇಕರ್ ದೊಡ್ಡ ಕರುಳಿನ ಗಡ್ಡೆಗಳಲ್ಲಿ 17ನೇ ವರ್ಣತಂತುವಿನ ಒಂದು ತುಂಡು ಪದೇ ಪದೇ ಕಾಣೆಯಾಗುವುದನ್ನು ಬೆನ್ನಟ್ಟಿದರು. ಅಲ್ಲಿ ಸಿಕ್ಕಿದ್ದು ಪಿ53. ಒಂದು ಪ್ರತಿ ಕಳೆದುಹೋಗಿತ್ತು, ಉಳಿದದ್ದು ಕೆಟ್ಟಿತ್ತು. ಅದೇ ವರ್ಷ ಲೆವಿನ್ ತಂಡ ಕೆಡದ ಪ್ರತಿಯನ್ನು ಕೋಶಕ್ಕೆ ಹಾಕಿ ನೋಡಿತು. ಕ್ಯಾನ್ಸರ್ ಹತ್ತಿಕ್ಕಿತು. 1992ರಲ್ಲಿ ಲೇನ್ ಅದನ್ನು ಜೀನುಸಂಪತ್ತಿನ ಕಾವಲುಗಾರ ಎಂದು ಕರೆದರು. 1993ರಲ್ಲಿ ‘ಸೈನ್ಸ್’ ಪತ್ರಿಕೆ ಅದನ್ನು ವರ್ಷದ ಅಣು ಎಂದು ಆರಿಸಿತು.

ಹೆಸರಿನಲ್ಲೂ ಒಂದು ತಪ್ಪು ಉಳಿದುಕೊಂಡಿದೆ. 53 ಎಂದರೆ ಅದರ ತೂಕ, 53 ಕಿಲೋಡಾಲ್ಟನ್. ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಅದು ನಿಧಾನವಾಗಿ ಹರಿದದ್ದರಿಂದ ಭಾರ ಜಾಸ್ತಿ ಎಂದುಕೊಂಡರು. ನಿಜವಾದ ತೂಕ 44ರ ಹತ್ತಿರ. ಯಾರೂ ತಿದ್ದಲು ಹೋಗಲಿಲ್ಲ.

ಗಡ್ಡೆ ತಡೆಯುವ ಜೀನ್ ಎಂಬ ಯೋಚನೆ ಅದಕ್ಕೂ ಹಳೆಯದು. 1971ರಲ್ಲಿ ಆಲ್ಫ್ರೆಡ್ ನುಡ್ಸನ್ ಎಂಬ ಅಮೆರಿಕದ ವೈದ್ಯ ಮಕ್ಕಳ ಕಣ್ಣಿನ ಕ್ಯಾನ್ಸರಾದ ರೆಟಿನೋಬ್ಲಾಸ್ಟೋಮದ 48 ಪ್ರಕರಣಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದರು. ಫ್ಲಾಶ್ ಹಾಕಿ ಫೋಟೊ ತೆಗೆದಾಗ ಮಗುವಿನ ಕಣ್ಣಪಾಪೆ ಬೆಳ್ಳಗೆ ಹೊಳೆಯುತ್ತದಲ್ಲ, ಆ ಕಾಯಿಲೆ. ಪ್ರತಿ ಜೀನಿನ ಎರಡು ಪ್ರತಿ ನಮ್ಮಲ್ಲಿರುತ್ತವೆ, ಅಪ್ಪನದೊಂದು, ಅಮ್ಮನದೊಂದು. ಎರಡೂ ಕೆಟ್ಟರೆ ಮಾತ್ರ ಗಡ್ಡೆ ಎಂದರು ನುಡ್ಸನ್. ಹುಟ್ಟುವಾಗಲೇ ಒಂದು ಕೆಟ್ಟಿದ್ದ ಮಗುವಿಗೆ ಬೇಗ ಬರುತ್ತದೆ, ಎಷ್ಟೋ ಸಲ ಎರಡೂ ಕಣ್ಣಿಗೆ. 1986ರಲ್ಲಿ ಆರ್‌ಬಿ ಜೀನ್ ಕೈಗೆ ಸಿಕ್ಕಾಗ ಅವರ ಲೆಕ್ಕ ನಿಜವಾಯಿತು. ಸ್ತನ ಕ್ಯಾನ್ಸರಿನ ಬಿಆರ್‌ಸಿಎ1, ಬಿಆರ್‌ಸಿಎ2 ಜೀನುಗಳೂ ಇದೇ ಜಾತಿಯವು.

ಪಿ53 ಮಾತ್ರ ಈ ಲೆಕ್ಕಕ್ಕೆ ಪೂರ್ತಿ ಬಗ್ಗುವುದಿಲ್ಲ. ಗೆಳೆಯನ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ.

ಪಿ53 ಒಂಟಿಯಾಗಿ ಕೆಲಸ ಮಾಡುವುದಿಲ್ಲ. ನಾಲ್ಕು ಪ್ರೋಟೀನುಗಳು ಒಂದಕ್ಕೊಂದು ಕೈ ಹಿಡಿದು ಡಿಎನ್‌ಎ ಮೇಲೆ ಕೂರಬೇಕು. ಈಗ ಒಂದು ಪ್ರತಿ ಕೆಟ್ಟಿದೆ, ಇನ್ನೊಂದು ಚೆನ್ನಾಗಿದೆ ಎಂದಿಟ್ಟುಕೊಳ್ಳಿ. ಕೋಶದಲ್ಲಿ ಅರ್ಧ ಒಳ್ಳೆಯ ಪಿ53, ಅರ್ಧ ಕೆಟ್ಟದ್ದು. ನಾಲ್ಕೂ ಒಳ್ಳೆಯವೇ ಸೇರುವ ಸಂಭವ ಎಷ್ಟು? ಅರ್ಧದಲ್ಲಿ ಅರ್ಧ, ಅದರಲ್ಲಿ ಅರ್ಧ, ಮತ್ತೆ ಅರ್ಧ. ಹದಿನಾರರಲ್ಲಿ ಒಂದು. ಮಿಕ್ಕ ಹದಿನೈದು ಗುಂಪುಗಳಲ್ಲಿ ಒಬ್ಬನಾದರೂ ಕೆಟ್ಟವನು ಇರುತ್ತಾನೆ. ಒಳ್ಳೆಯ ಪ್ರತಿ ಇದ್ದೂ ಕೆಲಸ ಕೆಡುತ್ತದೆ. ಕೆಲವು ಕೆಟ್ಟ ಪಿ53ಗಳು ಇನ್ನೂ ಮುಂದೆ ಹೋಗಿ, ಗಡ್ಡೆ ಹರಡಲು ನೆರವಾಗುವ ಹೊಸ ಕೆಲಸಗಳನ್ನೇ ಕಲಿಯುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಇನ್ನು ಆ ಬಣ್ಣ. ಲ್ಯಾಬಿನಲ್ಲಿ ಗಡ್ಡೆಯ ತೆಳು ಹಾಳೆಯೊಂದನ್ನು ಗಾಜಿನ ಮೇಲಿಟ್ಟು, ಪಿ53 ಇದ್ದಲ್ಲಿ ಕಂದು ಬಣ್ಣ ಬರುವ ಹಾಗೆ ಮಾಡುತ್ತಾರೆ. ಆರೋಗ್ಯದ ಕೋಶಗಳಲ್ಲಿ ಪಿ53 ಹುಟ್ಟುತ್ತ ಸಾಯುತ್ತ ಇರುವುದರಿಂದ ಬಣ್ಣ ಅಲ್ಲೊಂದು ಇಲ್ಲೊಂದು. ಬಿಳಿ ತಟ್ಟೆಯಲ್ಲಿ ನಾಲ್ಕು ರಾಗಿ ಕಾಳು ಬಿದ್ದ ಹಾಗೆ, ಕೆಲವು ಗಾಢ, ಕೆಲವು ತಿಳಿ. ಕೆಟ್ಟ ಪಿ53 ಎಂಡಿಎಂ2 ಜೀನನ್ನು ಆನ್ ಮಾಡಲಾರದು. ಒಡೆದು ಹಾಕುವವನನ್ನು ಕರೆಸುವವರೇ ಇಲ್ಲ. ಹಾಗಾಗಿ ಅದು ಕೋಶದಲ್ಲಿ ಗುಡ್ಡೆ ಬೀಳುತ್ತದೆ, ತಟ್ಟೆಯ ತುಂಬ ರಾಗಿ ಸುರಿದ ಹಾಗೆ ಎಲ್ಲ ಕೋಶಗಳೂ ಕಂದು. ಇದೇ ಆ ‘ಪಾಸಿಟಿವ್’. 1980ರ ದಶಕದವರು ಕ್ಯಾನ್ಸರ್ ಕೋಶಗಳಲ್ಲಿ ರಾಶಿ ರಾಶಿ ಕಂಡದ್ದೂ ಇದನ್ನೇ. ಗೆಳೆಯ ಮಾಡಿದ ತಪ್ಪನ್ನು ದೊಡ್ಡ ದೊಡ್ಡವರು ಹತ್ತು ವರ್ಷ ಮಾಡಿದ್ದಾರೆ.

ಇದರ ಜೊತೆಗೆ ಇನ್ನೊಂದು ತಿಳಿದಿರಲಿ. ಗಡ್ಡೆಯ ಕೋಶಗಳಲ್ಲಿ ಬಣ್ಣವೇ ಇಲ್ಲ, ಪಕ್ಕದ ಆರೋಗ್ಯದ ಕೋಶಗಳಲ್ಲಿ ಮಾತ್ರ ಇದೆ ಎಂದರೆ ಅದೂ ಕೆಟ್ಟದ್ದೇ. ಜೀನ್ ಪೂರ್ತಿ ಮುರಿದು ಪ್ರೋಟೀನೇ ತಯಾರಾಗುತ್ತಿಲ್ಲ ಎಂದರ್ಥ. ತುಂಬ ಇದ್ದರೂ ಕಷ್ಟ, ಏನೂ ಇಲ್ಲದಿದ್ದರೂ ಕಷ್ಟ. ಅದಕ್ಕೇ ಈಗ ಎಷ್ಟೋ ಲ್ಯಾಬುಗಳು ಪಾಸಿಟಿವ್, ನೆಗೆಟಿವ್ ಬಿಟ್ಟು ‘ಸಹಜ’, ‘ಅಸಹಜ’ ಎಂದು ಬರೆಯುತ್ತವೆ. ಎಲ್ಲರೂ ಹಾಗೆ ಬರೆದರೆ ಇಂಥ ಫೋನ್ ಕರೆಗಳು ಅರ್ಧ ಕಡಿಮೆಯಾಗುತ್ತವೆ.

ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ53 ಜೀನ್ ಕೆಟ್ಟಿರುತ್ತದೆ. ಬೇರೆ ಯಾವ ಜೀನೂ ಇಷ್ಟು ಸಲ ಕೆಡುವುದಿಲ್ಲ. ಎಲ್ಲಿ ಕೆಟ್ಟಿದೆ ಎಂದು ನೋಡಿದರೆ ಕೆಡಿಸಿದವರು ಯಾರು ಎಂಬ ಸುಳಿವೂ ಸಿಗುತ್ತದೆ. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಕುತೂಹಲದ ಭಾಗ ಇದೇ.

ನಮ್ಮ ಮನೆಯಲ್ಲಿ ಶೇಂಗಾ ಹುರಿಯುವ ಮೊದಲು ಅಮ್ಮ ಬೀಜವನ್ನು ಮೊರಕ್ಕೆ ಸುರಿದುಕೊಂಡು ಕೂರುತ್ತಿದ್ದರು. ಸುಕ್ಕು ಬಿದ್ದದ್ದು, ಕಪ್ಪಾದದ್ದು, ಹಸಿರು ಬೂಷ್ಟು ಹಿಡಿದದ್ದು ಒಂದೊಂದೇ ಆರಿಸಿ ಪಕ್ಕಕ್ಕೆ. ಮೂಗಿನ ಹತ್ತಿರ ಹಿಡಿದು ‘ಮುಗ್ಗಲು ವಾಸನೆ’ ಎಂದು ಇಡೀ ಹಿಡಿಯನ್ನೇ ಎಸೆದದ್ದೂ ಇದೆ. ನನಗೆ ಆಗ ಅದು ಬರೀ ರುಚಿಯ ವಿಷಯ. ಬಾಯಿಗೆ ಕಹಿ ಸಿಕ್ಕರೆ ಹಿಂದಿನ ಹತ್ತು ಬೀಜದ ರುಚಿಯೂ ಹಾಳು, ಅಷ್ಟೇ. ಆ ಹಸಿರು ಬೂಷ್ಟು ಎಷ್ಟೋ ಸಲ ಆಸ್ಪರ್ಜಿಲ್ಲಸ್ ಎಂಬ ಶಿಲೀಂಧ್ರ. ಶೇಂಗಾ, ಮೆಕ್ಕೆಜೋಳ ಸರಿಯಾಗಿ ಒಣಗದೆ ಚೀಲ ಸೇರಿದರೆ ಬೆಳೆಯುತ್ತದೆ. ಅದು ಬಿಡುವ ವಿಷ ಅಫ್ಲಾಟಾಕ್ಸಿನ್. ಹುರಿದರೂ ಪೂರ್ತಿ ಹೋಗುವುದಿಲ್ಲ.

1991ರಲ್ಲಿ ಎರಡು ತಂಡಗಳು ಚೀನಾದ ಚಿಡಾಂಗ್ ಪ್ರದೇಶ ಮತ್ತು ಆಫ್ರಿಕಾದ ದಕ್ಷಿಣ ಭಾಗದ ಲಿವರ್ ಕ್ಯಾನ್ಸರ್ ಗಡ್ಡೆಗಳನ್ನು ನೋಡಿದವು. ಎರಡೂ ಕಡೆ ಊಟದಲ್ಲಿ ಅಫ್ಲಾಟಾಕ್ಸಿನ್ ಜಾಸ್ತಿ. ಪಿ53 ಎಂದರೆ 393 ಮಣಿಗಳ ಒಂದು ಸರ, ಒಂದೊಂದು ಮಣಿಗೂ ಜೀನಿನಲ್ಲಿ ಮೂರು ಅಕ್ಷರ. ಆ ಗಡ್ಡೆಗಳಲ್ಲಿ ಮತ್ತೆ ಮತ್ತೆ ಒಂದೇ ಮಣಿ ಕೆಟ್ಟಿತ್ತು, 249ನೆಯದು. ಎಜಿಜಿ ಎಂದಿರಬೇಕಾದ ಜಾಗದಲ್ಲಿ ಎಜಿಟಿ. ಸಾವಿರಾರು ಕಿಲೋಮೀಟರ್ ದೂರದ ಎರಡು ಊರುಗಳ ಅಪರಿಚಿತರ ಲಿವರಿನಲ್ಲಿ ಒಂದೇ ಅಕ್ಷರದ ತಪ್ಪು. ಲಿವರ್ ಈ ವಿಷವನ್ನು ಅರಗಿಸಲು ಹೋಗಿ ಇನ್ನೂ ಚುರುಕಾದ ರೂಪಕ್ಕೆ ತಿರುಗಿಸುತ್ತದೆ, ಅದು ಡಿಎನ್‌ಎಯ ‘ಜಿ’ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ, ನಕಲಾಗುವಾಗ ಅಲ್ಲಿ ‘ಟಿ’ ಬೀಳುತ್ತದೆ. ಜೊತೆಗೆ ಹೆಪಟೈಟಿಸ್ ಬಿ ಸೋಂಕೂ ಇದ್ದರೆ ಅಪಾಯ ಹಲವು ಪಟ್ಟು. ಹಾಗಂತ ಚಳ್ಳಕೆರೆ, ಪಾವಗಡದ ಶೇಂಗಾ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಬೂಷ್ಟು ಹಿಡಿದದ್ದನ್ನು ‘ಚಟ್ನಿಪುಡಿಗೆ ನಡೆಯುತ್ತೆ’ ಎನ್ನಬೇಡಿ, ಅಷ್ಟೇ.

ಸಿಗರೇಟ್, ಬೀಡಿ ಹೊಗೆಯ ಗುರುತೂ ಹೀಗೇ ಸಿಕ್ಕಿತು. ಹೊಗೆಯಲ್ಲಿ ಬೆಂಜೊಪೈರೀನ್ ಎಂಬ ವಸ್ತು ಇದೆ. 1996ರಲ್ಲಿ ಅಮೆರಿಕದ ಮಿಖಾಯಿಲ್ ಡೆನಿಸೆಂಕೊ ಮತ್ತು ಗರ್ಡ್ ಫೈಫರ್ ತಂಡ ಅದರ ಚುರುಕಾದ ರೂಪವನ್ನು ಮನುಷ್ಯರ ಕೋಶಗಳ ಮೇಲೆ ಹಾಕಿ, ಅದು ಪಿ53ರ ಯಾವ ಜಾಗಗಳಿಗೆ ಅಂಟುತ್ತದೆ ಎಂದು ನೋಡಿತು. 157, 248, 273. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹೆಚ್ಚು ಕೆಡುವ ಜಾಗಗಳೂ ಇವೇ. ಅಲ್ಲಿಯತನಕ ತಂಬಾಕು ಕಂಪನಿಗಳ ಕಡೆಯವರು ‘ಅಂಕಿಸಂಖ್ಯೆ ತೋರಿಸುತ್ತೀರಿ, ಹೊಗೆ ಹೇಗೆ ಕ್ಯಾನ್ಸರ್ ತರುತ್ತದೆ ತೋರಿಸಿ’ ಎನ್ನುತ್ತಿದ್ದರು. ಈಗ ಬೆರಳಚ್ಚೇ ಸಿಕ್ಕಂತಾಯಿತು. ಬಿಸಿಲಿನ ಗುರುತು ಇನ್ನೂ ಬೇರೆ. ಚರ್ಮದ ಕ್ಯಾನ್ಸರುಗಳಲ್ಲಿ ‘ಸಿಸಿ’ ಎಂಬ ಜೋಡಿ ಅಕ್ಷರ ‘ಟಿಟಿ’ ಆಗಿರುತ್ತದೆ.

ನಮ್ಮ ದೇಶದ್ದು ಬಾಯಿಯ ಕತೆ. 2013ರಲ್ಲಿ ಪಶ್ಚಿಮ ಬಂಗಾಳದ ಕಲ್ಯಾಣಿ ಎಂಬ ಊರಿನ ಜೀನ್ ಸಂಶೋಧನಾ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರು ಸೇರಿ, ಕೆನ್ನೆಯ ಒಳಭಾಗ ಮತ್ತು ವಸಡಿನ ನಡುವೆ ಬರುವ ಕ್ಯಾನ್ಸರಿನ ಜೀನುಗಳನ್ನು ಓದಿದರು. ಜಗಿದದ್ದನ್ನು ಒತ್ತರಿಸಿ ಇಟ್ಟುಕೊಳ್ಳುವ ಜಾಗ ಅದು. ಪದೇ ಪದೇ ಕೆಟ್ಟ ಜೀನುಗಳಲ್ಲಿ ಪಿ53 ಮುಂಚೂಣಿಯಲ್ಲಿತ್ತು. ಹೊಗೆರಹಿತ ತಂಬಾಕು ಮತ್ತು ಅಡಿಕೆಯಿಂದ 2022ರಲ್ಲಿ ಜಗತ್ತಿನಲ್ಲಿ ಸುಮಾರು 1.2 ಲಕ್ಷ ಬಾಯಿ ಕ್ಯಾನ್ಸರ್ ಬಂದವು, ಅವುಗಳಲ್ಲಿ 83 ಸಾವಿರಕ್ಕೂ ಹೆಚ್ಚು ಭಾರತದಲ್ಲಿ ಎಂದು ಡಬ್ಲ್ಯುಎಚ್‌ಒದ ಕ್ಯಾನ್ಸರ್ ಸಂಸ್ಥೆ ಅಂದಾಜು ಮಾಡಿದೆ. ತಂಬಾಕು ಸೇರಿಸದ ಬರೀ ಅಡಿಕೆಯನ್ನೂ ಅದೇ ಸಂಸ್ಥೆ ಎರಡು ದಶಕದ ಹಿಂದೆಯೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ದೇಶದ ಅತಿ ಹೆಚ್ಚು ಅಡಿಕೆ ನಮ್ಮ ರಾಜ್ಯದ್ದು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಈ ಮಾತು ತೆಗೆದರೆ ಮುಖ ಸಿಂಡರಿಸುತ್ತಾರೆ, ನನಗೆ ಗೊತ್ತು. ತೋಟದ ಸಾಲ ಕಟ್ಟುವವರ ಸಂಕಟ ಸುಳ್ಳಲ್ಲ. ಆದರೆ ಅಜ್ಜಿ ಊಟದ ನಂತರ ಹಾಕಿಕೊಳ್ಳುತ್ತಿದ್ದ ಎಲೆ ಅಡಿಕೆಯನ್ನು ಮುಂದಿಟ್ಟು, ಹದಿನೈದು ವರ್ಷದ ಹುಡುಗ ದಿನಕ್ಕೆ ಹತ್ತು ಸ್ಯಾಷೆ ಹರಿಯುವುದನ್ನು ಸಮರ್ಥಿಸಲು ಬರುವುದಿಲ್ಲ.

ಇವೆಲ್ಲ ಜೀನನ್ನು ಕೆಡಿಸುವವು. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ಹಾಗಲ್ಲ. ಅದು ಜೀನನ್ನು ಮುಟ್ಟುವುದೇ ಇಲ್ಲ. ಇ6 ಎಂಬ ತನ್ನ ಪ್ರೋಟೀನನ್ನು ಕಳಿಸಿ, ಕೋಶದ್ದೇ ಆದ ಒಡೆಯುವ ಯಂತ್ರವನ್ನು ಪಿ53 ಮೇಲೆ ಛೂ ಬಿಡುತ್ತದೆ. ಇ7 ಎಂಬ ಇನ್ನೊಂದು ಪ್ರೋಟೀನ್ ಆರ್‌ಬಿಯನ್ನು ನೋಡಿಕೊಳ್ಳುತ್ತದೆ. ಎರಡು ಕಾವಲು, ಇಬ್ಬರು ಆಳು. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗಡ್ಡೆಯಿಂದ ತೆಗೆದ ಹೀಲಾ ಕೋಶಗಳು ಇವತ್ತಿಗೂ ಲ್ಯಾಬುಗಳಲ್ಲಿ ಬೆಳೆಯುತ್ತಿವೆ. ಅವುಗಳ ಪಿ53 ಜೀನ್ ಈಗಲೂ ಸರಿಯಾಗಿದೆ. ತಯಾರಾದ ಪಿ53 ಮಾತ್ರ ಉಳಿಯುವುದಿಲ್ಲ, ಒಳಗೆ ಎಚ್‌ಪಿವಿ 18 ಕೂತಿದೆ. ಗರ್ಭಕಂಠದ ಕ್ಯಾನ್ಸರುಗಳಲ್ಲಿ ಸುಮಾರು ಶೇ 70ರಷ್ಟಕ್ಕೆ 16 ಮತ್ತು 18ನೇ ನಮೂನೆಯ ಎಚ್‌ಪಿವಿ ಕಾರಣ. ಹೆಣ್ಣುಮಕ್ಕಳಿಗೆ ಕೊಡುವ ಎಚ್‌ಪಿವಿ ಲಸಿಕೆ, ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಕೂಡ, ಇವುಗಳನ್ನು ತಡೆಯುವಂಥದ್ದು. ಬೇರೆ ಮಾತಿನಲ್ಲಿ ಅದು ಪಿ53ಗೆ ಕೊಡುವ ಬಂದೋಬಸ್ತು.

ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟಿರುವವರೂ ಇದ್ದಾರೆ. 1969ರಲ್ಲಿ ಫ್ರೆಡರಿಕ್ ಲಿ ಮತ್ತು ಜೋಸೆಫ್ ಫ್ರೌಮೆನಿ ಇಂಥ ಕುಟುಂಬಗಳನ್ನು ಗುರುತಿಸಿದರು. ಮಕ್ಕಳಿಗೆ ಸ್ನಾಯುವಿನ ಗಡ್ಡೆ, ಚಿಕ್ಕ ವಯಸ್ಸಿನ ತಾಯಂದಿರಿಗೆ ಸ್ತನ ಕ್ಯಾನ್ಸರ್, ಮಿದುಳಿನದು, ಮೂಳೆಯದು. ಕಾರಣ ಪಿ53 ಎಂದು ಗೊತ್ತಾದದ್ದು 1990ರಲ್ಲಿ. ಇದು ಅಪರೂಪ. ಆದರೆ ಒಂದೇ ಮನೆಯಲ್ಲಿ ಎಳೆ ವಯಸ್ಸಿನಲ್ಲೇ ಬೇರೆ ಬೇರೆ ಕ್ಯಾನ್ಸರ್ ಕಾಣಿಸಿದರೆ ವೈದ್ಯರ ಹತ್ತಿರ ಆ ಮಾತು ಎತ್ತಬೇಕು. ಈ ಜನರಿಗೆ ರೇಡಿಯೇಶನ್ ಕೊಡುವ ಮುಂಚೆ ವೈದ್ಯರು ಎರಡು ಸಲ ಯೋಚಿಸುತ್ತಾರೆ.

ಸರಿ, ಪಿ53 ಇಷ್ಟು ಒಳ್ಳೆಯದಾದರೆ ಜಾಸ್ತಿ ಮಾಡಿಕೊಂಡರೆ ಆಯಿತಲ್ಲ? ಆನೆ ಹಾಗೇ ಮಾಡಿಕೊಂಡಿದೆ. ದೊಡ್ಡ ಮೈ, ಜಾಸ್ತಿ ಕೋಶ, ಉದ್ದ ಆಯುಷ್ಯ. ಲೆಕ್ಕದ ಪ್ರಕಾರ ಆನೆಗಳೆಲ್ಲ ಕ್ಯಾನ್ಸರಿನಿಂದಲೇ ಸಾಯಬೇಕು. 1970ರ ದಶಕದಲ್ಲಿ ರಿಚರ್ಡ್ ಪೀಟೊ ಎತ್ತಿದ ಒಗಟು ಇದು. ಆನೆಗಳಲ್ಲಿ ಕ್ಯಾನ್ಸರಿನಿಂದ ಸಾಯುವವು ಶೇ 5ಕ್ಕಿಂತ ಕಡಿಮೆ ಎಂದು 2015ರಲ್ಲಿ ಯೂಟಾದ ಜೋಶುವಾ ಶಿಫ್ಮನ್ ತಂಡ ಲೆಕ್ಕ ಹಾಕಿತು. ನಮ್ಮಲ್ಲಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪಿ53 ಬಂದರೆ, ಆಫ್ರಿಕದ ಆನೆಗೆ ಒಬ್ಬೊಬ್ಬರಿಂದಲೂ ಸುಮಾರು 20 ಪ್ರತಿ. ಏಷ್ಯಾದ ಆನೆಗೆ 15ರಿಂದ 20. ಆನೆಯ ರಕ್ತಕಣಕ್ಕೆ ವಿಕಿರಣದ ಏಟು ಕೊಟ್ಟರೆ ಅದು ರಿಪೇರಿ ಮಾಡಿಕೊಳ್ಳುತ್ತ ಕೂರುವುದಿಲ್ಲ. ನಮ್ಮ ಕೋಶಗಳಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ಸಾಯುತ್ತದೆ. ಆರು ಸಾವಿರಕ್ಕೂ ಹೆಚ್ಚು ಕಾಡಾನೆ ಇರುವ ಕರ್ನಾಟಕದಲ್ಲಿ ಇಷ್ಟೊಂದು ಪಿ53 ಕಾಫಿ ತೋಟಗಳಲ್ಲಿ ಓಡಾಡುತ್ತಿದೆ ಎಂದು ನೆನೆದರೆ ತಮಾಷೆ ಎನಿಸುತ್ತದೆ. ಸಕಲೇಶಪುರದವರಿಗೆ ಎನಿಸಲಿಕ್ಕಿಲ್ಲ.

ಇನ್ನೊಂದು ಕಡೆ 2002ರ ಇಲಿಗಳಿವೆ. ಅಮೆರಿಕದ ಒಂದು ತಂಡದ ಇಲಿಗಳಲ್ಲಿ ಪಿ53 ಯಾವಾಗಲೂ ಜೋರಾಗಿ ಕೆಲಸ ಮಾಡುತ್ತಿತ್ತು. ಕ್ಯಾನ್ಸರ್ ಕಡಿಮೆ ಬಂತು. ಆದರೆ ಇಲಿಗಳು ಬೇಗ ಮುದಿಯಾದವು. ಬೆನ್ನು ಗೂನಾಯಿತು, ಮೂಳೆ ಸವೆಯಿತು, ಬೇಗ ಸತ್ತವು. ಅದೇ ವರ್ಷ ಸ್ಪೇನಿನ ಮ್ಯಾನುಯೆಲ್ ಸೆರಾನೊ ತಂಡ ಇಲಿಗಳಿಗೆ ಹೆಚ್ಚುವರಿ ಪಿ53 ಪ್ರತಿ ಹಾಕಿತು, ಅದರ ಲಗಾಮಿನ ಸಮೇತ. ಅವುಗಳಿಗೂ ಕ್ಯಾನ್ಸರ್ ಕಡಿಮೆ, ಆದರೆ ಮುಪ್ಪು ಮಾಮೂಲಿನಂತೆ ಬಂತು. ಪ್ರತಿ ಎಷ್ಟಿವೆ ಎನ್ನುವುದಕ್ಕಿಂತ ಬೇಕಾದಾಗ ಎದ್ದು ಬೇಡದಾಗ ಮಲಗುತ್ತದೆಯೇ ಎನ್ನುವುದು ದೊಡ್ಡದು.

‘ಈ ಪುಡಿ ಪಿ53 ಹೆಚ್ಚಿಸುತ್ತದೆ’ ಎಂಬ ಮೆಸೇಜ್ ನೋಡಿದಾಗ ನನಗೆ ನಗು ಬರುವುದು ಇದಕ್ಕೇ. ಗಾಜಿನ ತಟ್ಟೆಯ ಕೋಶಗಳ ಮೇಲೆ ಏನನ್ನು ಸುರಿದರೂ ಪಿ53 ಏರಬಹುದು. ಎಕ್ಸ್-ರೇ ಹಾಯಿಸಿದರೂ ಏರುತ್ತದೆ, ಕೀಮೋ ಔಷಧ ಹಾಕಿದರೂ ಏರುತ್ತದೆ. ಪಿ53 ಏರಿತು ಎಂದರೆ ಕೋಶಕ್ಕೆ ಎಲ್ಲೋ ಏಟು ಬಿತ್ತು ಎಂದೂ ಅರ್ಥ. ಫೈರ್ ಎಂಜಿನ್ ಗಂಟೆ ಜೋರಾಗಿ ಕೇಳಿಸಿತು, ಊರು ಸುರಕ್ಷಿತವಾಗಿದೆ ಎಂದು ಯಾರಾದರೂ ಹೇಳುತ್ತಾರೆಯೇ?

ಔಷಧ ಕಂಪನಿಗಳೂ ಸುಮ್ನೆ ಕೂತಿಲ್ಲ. ಇಲ್ಲಿ ಕಷ್ಟ ಎಲ್ಲಿದೆ ಎಂದರೆ, ಅತಿಯಾಗಿ ಕೆಲಸ ಮಾಡುವ ಪ್ರೋಟೀನಿಗೆ ಬೀಗ ಹಾಕುವ ಮಾತ್ರೆ ಮಾಡಬಹುದು. ಕೆಲಸ ಬಿಟ್ಟವನನ್ನು ಮತ್ತೆ ದುಡಿಸುವುದು ಹೇಗೆ? ಚೀನಾ 2003ರಲ್ಲಿ ಜೆಂಡಿಸಿನ್ ಎಂಬ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು, ವೈರಸ್ ಒಂದರ ಹೆಗಲ ಮೇಲೆ ಒಳ್ಳೆಯ ಪಿ53 ಜೀನನ್ನು ಹೊರಿಸಿ ಗಡ್ಡೆಗೆ ಚುಚ್ಚುವುದು. ಅಮೆರಿಕ, ಯುರೋಪು ಒಪ್ಪಲಿಲ್ಲ. 2004ರಲ್ಲಿ ನ್ಯೂಜೆರ್ಸಿಯ ನಟ್ಲಿ ಎಂಬ ಊರಿನ ಲ್ಯಾಬಿನಿಂದ ನಟ್ಲಿನ್ ಬಂತು. ಎಂಡಿಎಂ2 ಕೈ ಕಟ್ಟಿಹಾಕುವ ಔಷಧ. ಅದರ ಬಳಗದ ಔಷಧಗಳಿಗೆ ಒಂದು ತೊಡಕು. ಆರೋಗ್ಯದ ಕೋಶಗಳಲ್ಲೂ ಪಿ53 ಏಳುತ್ತದೆ, ರಕ್ತದ ಪ್ಲೇಟ್‌ಲೆಟ್ ಕುಸಿಯುತ್ತದೆ. ಲಗಾಮು ಬಿಚ್ಚಿದರೆ ಏನಾಗುತ್ತದೆ ಎಂದು ಆ ಇಲಿಮರಿಗಳು ಮೊದಲೇ ಹೇಳಿದ್ದವು. ಕೆಟ್ಟ ಪಿ53ಯನ್ನು ನೆಟ್ಟಗೆ ಮಾಡುವ ಎಪಿಆರ್-246 ಎಂಬ ಔಷಧದ ಮೇಲೆ ಬಹಳ ಆಸೆ ಇತ್ತು. 2020ರ ಕೊನೆಗೆ ದೊಡ್ಡ ಪ್ರಯೋಗದಲ್ಲಿ ಅದು ಸೋತಿತು. ಈಗ ಕಣ್ಣೆಲ್ಲ ರೆಜಟಾಪಾಪ್ಟ್ ಮೇಲೆ. 220ನೇ ಮಣಿ ಕೆಟ್ಟಾಗ ಪಿ53ರ ಮೈಮೇಲೆ ಒಂದು ಸಣ್ಣ ಗುಳಿ ಬೀಳುತ್ತದೆ. ಈ ಔಷಧ ಆ ಗುಳಿಯಲ್ಲಿ ಬೆಣೆಯ ಹಾಗೆ ಕೂತು ಪ್ರೋಟೀನನ್ನು ಮತ್ತೆ ಅದರ ಆಕಾರಕ್ಕೆ ತರುತ್ತದೆ. ಉಪಾಯ ಚೆನ್ನಾಗಿದೆ. ಆದರೆ ಇದು ಆ ಒಂದು ಗುಳಿಗೆ ಮಾತ್ರ.

ಹಾಗಾದರೆ ಚಿಕ್ಕಮ್ಮನ ರಿಪೋರ್ಟಿನ ಆ ಸಾಲಿನಿಂದ ಏನು ಉಪಯೋಗ? ಗೆಳೆಯ ಫೋನಿನಲ್ಲಿ ಕೇಳಿದ್ದೂ ಇದನ್ನೇ. ಉಪಯೋಗ ಇದೆ. ಗರ್ಭಕೋಶದ ಒಳಪದರದ ಕ್ಯಾನ್ಸರನ್ನು ಈಗ ಜೀನಿನ ಗುಣ ನೋಡಿ ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಪಿ53 ಕೆಟ್ಟ ಬಗೆ ಹೆಚ್ಚು ಹಟಮಾರಿ. 2023ರಲ್ಲಿ ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಹಂತಗಳ ಪಟ್ಟಿ ಪರಿಷ್ಕರಿಸಿದಾಗ ಇದನ್ನೂ ಒಳಗೆ ತಂದಿತು. ಗಡ್ಡೆ ಗರ್ಭಕೋಶದ ಗೋಡೆಗೆ ಇಳಿದಿದ್ದು ಪಿ53 ಅಸಹಜವಾಗಿದ್ದರೆ, ಮೊದಲ ಹಂತದ್ದನ್ನೂ ಎರಡನೆಯದು ಎಂದೇ ಎಣಿಸುತ್ತಾರೆ. ರೇಡಿಯೇಶನ್ ಜೊತೆಗೆ ಕೀಮೋ ಸೇರಿಸಿದರೆ ಹೆಚ್ಚು ಲಾಭ ಆಗುವುದೂ ಈ ಬಗೆಯವರಿಗೇ ಎಂದು ಹಲವು ದೇಶಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದರ ಮರುಪರಿಶೀಲನೆ 2020ರಲ್ಲಿ ತೋರಿಸಿತು. ಮರುದಿನ ಗೆಳೆಯ ವೈದ್ಯರನ್ನು ಕೇಳಿದ. ಅವರು ಆ ಸಾಲನ್ನು ನೋಡಿಯೇ ಕೀಮೋ ಬರೆದಿದ್ದರು.

ಎರಡನೇ ಕೀಮೋ ಆದ ಮೇಲೆ ಮತ್ತೆ ಫೋನ್ ಮಾಡಿದ. ಚಿಕ್ಕಮ್ಮನ ಜಡೆ ಹೋಯಿತಂತೆ. ಬಾಚಣಿಗೆಯಲ್ಲಿ ಹಿಡಿ ಹಿಡಿ ಬರುತ್ತಿದೆ, ಕನ್ನಡಿ ನೋಡಲು ಒಲ್ಲೆ ಅನ್ನುತ್ತಿದ್ದಾರೆ ಎಂದ. ನನಗೆ 2000ದಲ್ಲಿ ಬಂದ ಒಂದು ಇಲಿ ಪ್ರಯೋಗ ನೆನಪಾಯಿತು. ಕೀಮೋ ಕೊಟ್ಟರೆ ಸಾಮಾನ್ಯ ಇಲಿಗಳ ಕೂದಲು ಉದುರಿತು. ಪಿ53 ಇಲ್ಲದ ಇಲಿಗಳ ಕೂದಲು ಉದುರಲೇ ಇಲ್ಲ. ಕೂದಲ ಬುಡದ ಕೋಶಗಳಿಗೆ ಸಾಯಿ ಎನ್ನುವುದು ಪಿ53. ಅಂದರೆ ಗಡ್ಡೆಯಲ್ಲಿ ಕೆಟ್ಟದ್ದು ಅವರ ತಲೆಯಲ್ಲಿ ಇನ್ನೂ ನೆಟ್ಟಗಿದೆ, ತನ್ನ ಕೆಲಸ ಮಾಡುತ್ತಿದೆ ಎಂದೆ.

ರಾತ್ರಿ ಅವನ ಮೆಸೇಜ್ ಬಂತು. ‘ಚಿಕ್ಕಮ್ಮಂಗೆ ಹೇಳ್ದೆ ಕಣೋ. ಹಂಗಾದ್ರೆ ಉದುರ್ಲಿ ಬಿಡು ಅಂದ್ರು.’